ತೀಪ್ಪೆಟ್ಟಿ ಸ್ಟಾಪು

ನಮ್ಮ ಕಟ್ಟಡಕ್ಕೆ ಸರ್ಕಾರಿ ಕಾಗದದಲ್ಲಿ ಯಾರೋ ಮಂತ್ರಿಯ ಹೆಸರಿತ್ತು. ಆ ಹೆಸರನ್ನು ಅಂಚೆಯವನೂ ಬಳಸುತ್ತಿರಲಿಲ್ಲ. ಮದರಾಸಿನ ರಾಯಪೇಟೆಯಲ್ಲಿ ಯಾರನ್ನು ಕೇಳಿದರೂ ಅದು ತೀಪ್ಪೆಟ್ಟಿ, ಬೆಂಕಿಪೊಟ್ಟಣ. ಏಳು ಮಹಡಿ. ಕಮಾನಿಲ್ಲ, ಬಾಲ್ಕನಿಯಿಲ್ಲ, ಎತ್ತಿ ನಿಲ್ಲಿಸಿದ ಪೊಟ್ಟಣದ ಹಾಗೆ ನಾಲ್ಕೂ ಕಡೆ ಚಪ್ಪಟೆ. ಕಟ್ಟಿದಾಗ ಅರಿಶಿನ ಬಣ್ಣ ಬಳಿದಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಪ್ರತಿ ಕಿಟಕಿಯ ಕೆಳಗೂ ಮಳೆನೀರು ಕಪ್ಪಗೆ ಇಳಿದು, ಕಾಡಿಗೆ ಹಚ್ಚಿಕೊಂಡು ಅತ್ತವಳ ಮುಖದ ಹಾಗಾಗಿತ್ತು. ಲಿಫ್ಟು ಯಾವ ಕಾಲದಲ್ಲೋ ಸತ್ತಿತ್ತು. ನೆಲಮಹಡಿಯ ಝೆರಾಕ್ಸ್ ಅಂಗಡಿಯವನು ಅದರೊಳಗೆ ಕಾಗದದ ಕಟ್ಟುಗಳನ್ನು ಪೇರಿಸಿಟ್ಟಿದ್ದ.

ಯಾರಿಗೂ ಅದು ಇಷ್ಟವಿರಲಿಲ್ಲ. ನಮಗೂ ಇರಲಿಲ್ಲ, ಸುಳ್ಳೇಕೆ ಹೇಳಲಿ. ಯಾವುದೋ ಇಂಗ್ಲಿಷ್ ಪತ್ರಿಕೆ ಊರಿನ ಕುರೂಪಿ ಕಟ್ಟಡಗಳ ಫೋಟೋ ಹಾಕಿದಾಗ ನಮ್ಮದೇ ಮೊದಲು ಬಂದಿತ್ತು. ಐದನೇ ಮಹಡಿಯ ಜೈನುಲ್ಲಾಬುದ್ದೀನ್ ಭಾಯ್ ನಮ್ಮ ಸಂಘದ ಕಾರ್ಯದರ್ಶಿ. ಅದನ್ನು ಕತ್ತರಿಸಿ ಮೆಟ್ಟಿಲ ಗೋಡೆಗೆ ಅಂಟಿಸಿದರು.

"ಯಾವುದರಲ್ಲಾದ್ರೂ ಫಸ್ಟ್ ಬಂದ್ವಲ್ಲ ಕೋಮಳಮ್ಮ, ಖುಷಿಪಡಿ" ಎಂದರು.

ನಾನು ನಾಲ್ಕನೇ ಮಹಡಿಯವಳು, ಮಂಡಿನೋವಿನವಳು. ಆ ಮೆಟ್ಟಿಲು ಹತ್ತುತ್ತಾ ಕಟ್ಟಡಕ್ಕೆ ಬಯ್ಯದ ದಿನವೇ ಇರಲಿಲ್ಲ.

ಅದನ್ನು ಪ್ರೀತಿಸುತ್ತಿದ್ದವನು ಇಡೀ ಮದರಾಸಿನಲ್ಲಿ ಒಬ್ಬನೇ. ನನ್ನ ತಮ್ಮ ಅಮುದನ್.

ಅಮುದನ್‌ಗೆ ಇರುವುದಕ್ಕೆ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದ್ದರು. ಅದು ನನಗೆ ಉಚ್ಚರಿಸಲು ಬರುತ್ತದೆ, ಆದರೆ ಬೇಡ. ಅವನಿಗೆ ಓದು ಹತ್ತಲಿಲ್ಲ, ಅಂಕಿ ಹತ್ತಲಿಲ್ಲ. ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದು ಚೆನ್ನಾಗಿ ಬರುತ್ತಿತ್ತು. ಪಾರಿಸ್ ಕಾರ್ನರಿನ ಒಂದು ಬೈಂಡಿಂಗ್ ಅಂಗಡಿಯವರು ಕೆಲಸ ಕೊಟ್ಟರು. ಹೋಗುವುದು ಕಷ್ಟವಿರಲಿಲ್ಲ, ಬಸ್ಸು ಕೊನೆಗೆ ನಿಲ್ಲುವುದೇ ಅಂಗಡಿಯ ಎದುರು. ಬರುವಾಗ ಹತ್ತುವುದೂ ಅಲ್ಲೇ. ತೊಂದರೆ ಇದ್ದದ್ದು ಮನೆಯ ಹತ್ತಿರ ಇಳಿಯುವುದರಲ್ಲಿ.

ಅಮ್ಮ ದಿನವೂ ಜೊತೆಗೆ ಹೋಗಿ, ಬಂದು, ವರ್ಷಗಟ್ಟಲೆ ಕಲಿಸಿದಳು. ಮೊದಲು ಸ್ಟಾಪುಗಳನ್ನು ಎಣಿಸಲು ಕಲಿಸಿದಳು, ಮೂರರ ನಂತರ ಅವನಿಗೆ ಗೋಜಲು. ಸಿನಿಮಾ ಪೋಸ್ಟರ್ ತೋರಿಸಿದಳು, ಶುಕ್ರವಾರ ಪೋಸ್ಟರ್ ಬದಲಾಯಿತು. ಕೂಗುವ ಹೆಸರು ಕೇಳಿಸಿಕೊಂಡು ಇಳಿ ಎಂದಳು, ಬಸ್ಸಿನ ಗಲಾಟೆಯಲ್ಲಿ ಅವನು ಕಿವಿ ಮುಚ್ಚಿಕೊಂಡು ಕೂರುತ್ತಿದ್ದ. ಕೊನೆಗೆ ಒಂದು ದಿನ ಬಸ್ಸು ಮೌಂಟ್ ರೋಡಿನಿಂದ ತಿರುಗಿದೊಡನೆ ಅವನೇ ಕಿಟಕಿಯಾಚೆ ಕೈತೋರಿಸಿ ನಕ್ಕನಂತೆ. ಅಂಗಡಿಗಳ ತಲೆಯ ಮೇಲೆ ನಮ್ಮ ಕಟ್ಟಡ ಎದ್ದು ನಿಂತಿತ್ತು.

"ತೀಪ್ಪೆಟ್ಟಿ ಕಂಡ್ರೆ ಎದ್ದು ನಿಲ್ಲು. ತೀಪ್ಪೆಟ್ಟಿ ಪಕ್ಕಕ್ಕೆ ಬಂದ್ರೆ ಇಳಿ. ಅಲ್ಲಿ ಅಕ್ಕ ಇರ್ತಾಳೆ" ಎಂದು ಅಮ್ಮ ಹೇಳಿಕೊಟ್ಟಳು. ಅಷ್ಟೇ ಪಾಠ. ಅಷ್ಟು ಕುರೂಪಿಯಾದದ್ದು ಊರಿನಲ್ಲಿ ಇನ್ನೊಂದು ಇರಲಿಲ್ಲ, ಹಾಗಾಗಿ ಅವನಿಗೆ ಒಂದು ದಿನವೂ ತಪ್ಪಲಿಲ್ಲ.

ಅಮ್ಮ ಹೋದ ಮೇಲೂ ತಪ್ಪಲಿಲ್ಲ. ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ, ಪಾಸನ್ನು ಕೊರಳಿಗೆ ನೇತುಹಾಕಿಕೊಂಡು ಒಬ್ಬನೇ ಹೋಗಿ ಸಂಜೆ ಒಬ್ಬನೇ ಬರುತ್ತಿದ್ದ. ಆ 'ಒಬ್ಬನೇ' ಎನ್ನುವುದರಲ್ಲಿ ಅವನ ಗಂಡಸುತನವೆಲ್ಲ ಇತ್ತು. ಅವನ ವಯಸ್ಸಿನ, ಅವನ ಥರದವರನ್ನು ಮನೆಯವರು ಕೋಣೆಯಲ್ಲಿ ಕೂರಿಸಿಟ್ಟಿದ್ದನ್ನು ನಾನು ಕಂಡಿದ್ದೆ. ನನ್ನ ತಮ್ಮ ಹಾಗಿರಲಿಲ್ಲ. ಸಂಜೆಯ ಬಸ್ಸಿನ ಕಂಡಕ್ಟರ್ ಮರುದಪ್ಪನ್ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

"ತಲೈವಾ, ನಿಮ್ಮ ಅರಮನೆ ಬಂತು. ಪ್ರಜೆಗಳು ಕಾಯ್ತಿದ್ದಾರೆ, ಇಳಿಯೋಣವಾಗಲಿ" ಎನ್ನುತ್ತಿದ್ದ.

"ಗೊತ್ತು, ಗೊತ್ತು" ಎಂದು ಅಮುದನ್ ಗತ್ತಿನಿಂದ ಇಳಿಯುತ್ತಿದ್ದ. ಎರಡನೇ ಮಹಡಿಯಿಂದಲೇ "ಅಕ್ಕಾ, ಏನ್ ಸಾರು?" ಎಂದು ಕೂಗು ಹಾಕುತ್ತಿದ್ದ. ನಮ್ಮ ಮನೆಯ ಸಾರು ಏನೆಂದು ಇಡೀ ತೀಪ್ಪೆಟ್ಟಿಗೆ ಗೊತ್ತಾಗುತ್ತಿತ್ತು.

ಮೆಟ್ರೋ ಬರುತ್ತದೆ ಎಂದಾಗ ನಾವು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನೆಲದಡಿ ಹೋಗುವ ರೈಲು, ಹೋಗಲಿ ಬಿಡಿ ಎಂದೆವು. ಆದರೆ ನೆಲದಡಿಯ ನಿಲ್ದಾಣಕ್ಕೂ ಮೇಲೆ ಒಂದು ಬಾಯಿ ಬೇಕಲ್ಲ. ಮೊದಲ ನಕ್ಷೆಯಲ್ಲಿ ಆ ಬಾಯಿ ರಸ್ತೆಯ ಆಚೆ ಬದಿಯಲ್ಲಿತ್ತು, ಕೆಂಪು ಬಂಗಲೆ ಇರುವ ಕಡೆ. ಕೆಂಪು ಬಂಗಲೆಯಲ್ಲಿ ಮನುಷ್ಯರು ವಾಸಿಸಿ ಒಂದು ತಲೆಮಾರಾಗಿತ್ತು. ವಾರಸುದಾರರು ಕೋರ್ಟಿನಲ್ಲಿದ್ದರು, ಒಳಗೆ ಬಾವಲಿಗಳಿದ್ದವು. ಆದರೆ ಕಮಾನುಗಳಿದ್ದವು, ಬಣ್ಣದ ಗಾಜಿತ್ತು. ಕ್ಯಾಮೆರಾ ಹಿಡಿದವರು ಬಂದರು, ಮೇಣದಬತ್ತಿ ಹಚ್ಚಿ ನಿಂತರು, ಹಾಡಿದರು. ನಕ್ಷೆ ಬದಲಾಯಿತು. ಚೆಂದದ್ದಕ್ಕೆ ಅಳುವವರು ಎಲ್ಲಿಂದಲಾದರೂ ಬಂದುಬಿಡುತ್ತಾರೆ. ನಮ್ಮದನ್ನು ಒಡೆದು ಕೆಳಗೆ ನಿಲ್ದಾಣ, ಮೇಲೆ ಹದಿನೆಂಟು ಮಹಡಿ ಎಂದು ತೀರ್ಮಾನವಾದಾಗ ಒಬ್ಬನೂ ಮೇಣದಬತ್ತಿ ತರಲಿಲ್ಲ. ನಮ್ಮವರೇ ಪಟಾಕಿ ಹೊಡೆದರು. ಎಲ್ಲರಿಗೂ ದೊಡ್ಡ ಮನೆ, ಓಡುವ ಲಿಫ್ಟು. ಬೇಡ ಎನ್ನಲು ಯಾರಿಗೆ ಹುಚ್ಚು?

ಶಾಲೆಯ ಹಾಲಿನಲ್ಲಿ ಸಭೆ ಕರೆದರು. ನಿಲ್ದಾಣದ ಯೋಜನೆ ನೋಡಿಕೊಳ್ಳುತ್ತಿದ್ದ ಇಳವರಸಿ ಎಂಬ ಹುಡುಗಿ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದಳು. ಮೂವತ್ತರ ಒಳಗಿನ ವಯಸ್ಸು, ಹತ್ತಿ ಸೀರೆ, ಮೆಲುದನಿ. ಯಾರಿಗಾದರೂ ತಕರಾರು ಇದೆಯೇ ಎಂದಳು. ನಾನು ಎದ್ದೆ.

"ನನ್ ತಮ್ಮ ಈ ಬಿಲ್ಡಿಂಗ್ ನೋಡ್ಕೊಂಡೇ ಬಸ್ ಇಳಿಯೋದು. ಇದು ಹೋದ್ರೆ ಅವನು ಹೇಗೆ ಇಳೀಬೇಕು?"

ಎಲ್ಲರೂ ನಕ್ಕರು. "ತಮ್ಮನಿಗೆ ಒಂದ್ ಫೋನ್ ಕೊಡ್ಸಿ ಅಕ್ಕ, ಮ್ಯಾಪು ದಾರಿ ಹೇಳುತ್ತೆ" ಎಂದಿತು ಹಿಂದಿನ ಸಾಲಿನ ಒಂದು ದನಿ. "ಮೆಟ್ರೋ ಬಂದ್ಮೇಲೆ ಬಸ್ ಯಾಕೆ, ಮನೆ ಕೆಳಗೇ ಇಳೀತಾನೆ ಬಿಡಿ" ಎಂದರು ಇನ್ನೊಬ್ಬರು. ಅಮುದನ್ ಕೈಯಿಂದ ದೀಪಾವಳಿ ಲಾಡು ತಿಂದವರೇ ಅವರೆಲ್ಲ. ನನಗೆ ಮೈಯೆಲ್ಲ ಉರಿಯಿತು.

ಇಳವರಸಿ ನಗಲಿಲ್ಲ. ಮರುದಿನವೇ ಮನೆಗೆ ಬಂದಳು, ಸಂಜೆ ನನ್ನ ಜೊತೆ ಪಾರಿಸ್ ಕಾರ್ನರಿಗೆ ಬಂದು ಅಮುದನ್ ಹತ್ತುವ ಬಸ್ಸನ್ನೇ ಹತ್ತಿದಳು. ಬಸ್ಸು ತಿರುಗಿತು, ತೀಪ್ಪೆಟ್ಟಿ ಕಂಡಿತು, ಅವನು ಎದ್ದು ನಿಂತ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ನಕ್ಷೆಯಲ್ಲಿ ಇದಕ್ಕೆ ನಾವು ಬೂದು ಬಣ್ಣ ತುಂಬಿದೀವಿ ಅಕ್ಕ" ಎಂದಳು ಇಳಿದ ಮೇಲೆ. "ಬೂದು ಅಂದ್ರೆ, ಹೋದ್ರೂ ಯಾರೂ ಕೇಳಲ್ಲ ಅಂತ."

"ಉಳಿಸೋಕಾಗುತ್ತಾ, ಅದನ್ನ ಹೇಳಮ್ಮ."

"ಆಗಲ್ಲ. ಸುರಂಗ ಇಲ್ಲೇ ತಿರುಗುತ್ತೆ, ಆಚೆ ಬದಿ ಮುಟ್ಟೋ ಹಾಗಿಲ್ಲ. ಆದ್ರೆ ಒಂದು ಮಾಡ್ತೀನಿ. ಬಸ್ ಸ್ಟಾಪಿನ ಹೆಸರು ಬದಲಾಗದ ಹಾಗೆ ನೋಡ್ಕೋತೀನಿ. ತೀಪ್ಪೆಟ್ಟಿ ಹೋದ್ರೂ ಕಂಡಕ್ಟರು ತೀಪ್ಪೆಟ್ಟಿ ಅಂತಲೇ ಕೂಗ್ತಾರೆ."

ನನಗೆ ಎದೆ ಹಗುರಾಯಿತು. ನಮ್ಮೂರಿನ ಪದ್ಧತಿಯೇ ಅದು. ಟಾಕೀಸು ಒಡೆದು ಕಾಲವಾದರೂ ಸ್ಟಾಪಿಗೆ ಟಾಕೀಸಿನ ಹೆಸರು. ಹುಣಸೇಮರದ ಸ್ಟಾಪಿನಲ್ಲಿ ಹುಣಸೇಮರ ಕಂಡವರು ಈಗ ಬದುಕಿಲ್ಲ. ಹೆಸರು ಉಳಿದರೆ ಜಾಗ ಉಳಿದಂತೆಯೇ ಎಂದು ನಾವು ನಂಬಿಕೊಂಡು ಬಂದವರು. ಅವಳೂ ಇದೇ ಊರಿನಲ್ಲಿ ಹುಟ್ಟಿದವಳು, ಹಾಗೇ ನಂಬಿದಳು.

ಮನೆ ಖಾಲಿ ಮಾಡಿ ಹಿಂದಿನ ಮಸೀದಿ ಗಲ್ಲಿಯಲ್ಲಿ ಬಾಡಿಗೆಗೆ ಹೋದೆವು. ಅಮುದನ್ ಬಸ್ಸಿಳಿಯುವುದು ಮಾತ್ರ ಅಲ್ಲೇ. ನಾನು ಸ್ಟಾಪಿನಲ್ಲಿ ಕಾದಿದ್ದು ಗಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲು ಕಟ್ಟಡಕ್ಕೆ ಹಸಿರು ಬಲೆ ಸುತ್ತಿದರು.

"ಅಕ್ಕಾ, ತೀಪ್ಪೆಟ್ಟಿ ಲುಂಗಿ ಉಟ್ಕೊಂಡಿದೆ" ಎಂದು ಬಿದ್ದು ಬಿದ್ದು ನಕ್ಕ.

ಆಮೇಲೆ ಮೇಲಿನಿಂದ ಒಂದೊಂದೇ ಮಹಡಿ ಇಳಿಯತೊಡಗಿತು. ಅವನು ಅದನ್ನು ಗಮನಿಸಿದ. "ಕೂತ್ಕೊಳ್ತಿದೆ ಅಲ್ವಾ ಅಕ್ಕ? ಕಾಲು ನೋವಾ ಅದಕ್ಕೆ?"

"ಹೂಂ, ನಿಂತು ನಿಂತು ಸಾಕಾಗಿದೆ."

"ಮತ್ತೆ ಏಳುತ್ತಲ್ಲ?"

"ಏಳುತ್ತೆ ಕಣೋ. ದೊಡ್ಡದಾಗಿ ಏಳುತ್ತೆ."

ಬೈಂಡಿಂಗ್ ಅಂಗಡಿಯ ಮಾಲೀಕರು ಒಡೆಯುವ ಕೆಲಸ ಮುಗಿಯುವ ತನಕ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಇಟ್ಟುಕೊಂಡು ನೋಡಿದೆ. ಬಾಗಿಲಿಗೆ ಹಣೆ ಚಚ್ಚಿಕೊಂಡ. ಹೊಸ ಗುರುತು ಕಲಿಸಲು ಇಳವರಸಿಯೂ ನಾನೂ ಪಾಡುಪಟ್ಟೆವು, ಪೆಟ್ರೋಲ್ ಬಂಕ್ ತೋರಿಸಿದೆವು, ಮಸೀದಿಯ ಮಿನಾರು ತೋರಿಸಿದೆವು. ಅಮ್ಮ ಹೇಳಿದ್ದು ಅದಲ್ಲ ಎನ್ನುತ್ತಿದ್ದ. ಅಮ್ಮ ತಿರುಗಿ ಬಂದು ಬೇರೆ ಹೇಳಿಕೊಡುವಂತಿರಲಿಲ್ಲ. ಹಾಗಾಗಿ ಅವನು ಹೋಗುತ್ತಿದ್ದ, ನಾನು ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ, ಮರುದಪ್ಪನ್ ನನ್ನ ಕೈಗೆ ಒಪ್ಪಿಸುತ್ತಿದ್ದ. ಎರಡು ಮಹಡಿ ಉಳಿದಾಗಲೂ, ಗೋಡೆಯಷ್ಟೇ ಉಳಿದಾಗಲೂ ಆ ಅರಿಶಿನ ಬಣ್ಣ ಕಂಡರೆ ಎದ್ದು ನಿಂತು ಇಳಿದ.

ಕೊನೆಯ ಗೋಡೆ ಬಿದ್ದ ದಿನ ಕೆಲಸದವರು ರಸ್ತೆಯ ನಡುವೆ ತಗಡಿನ ಬೇಲಿ ಹಾಕಿ, ಬಸ್ಸುಗಳನ್ನು ಆಚೆಯಿಂದ ಬಿಟ್ಟರು. ಸ್ಟಾಪು ಬೇಲಿಯ ಆ ಬದಿಗೆ ಹೋಯಿತು. ಈ ಬದಿಯಲ್ಲಿ ಹಳೆಯ ಕಂಬದ ಕೆಳಗೆ ನಿಂತಿದ್ದ ನಮಗೆ ಯಾರೂ ಹೇಳಲಿಲ್ಲ. ನಾನೂ, ಇನ್ನೂ ನಾಲ್ಕಾರು ಮಂದಿಯೂ ಬಸ್ಸು ತಡ ಎಂದು ಗೊಣಗುತ್ತಾ ನಿಂತಿದ್ದೆವು. ನೆಲ ಕೊರೆಯುವ ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ.

ಆಚೆ ಏನಾಯಿತೆಂದು ಮರುದಪ್ಪನ್ ಆಮೇಲೆ ಅಳುತ್ತಾ ಹೇಳಿದ.

"ತಲೈವಾ, ತೀಪ್ಪೆಟ್ಟಿ ಬಂತು ಅಂದೆ ಅಕ್ಕ. ಏಳ್ಲೇ ಇಲ್ಲ. ಕಿಟಕಿಯಿಂದ ಹೊರಗೆ ನೋಡಿ, ಇದಲ್ಲ ಅಂದ್ರು. ಇದೇ ಕಣಪ್ಪ, ದಿನಾ ಇಳಿಯೋದೇ ಇಲ್ಲಿ, ಅಕ್ಕ ಬರ್ತಾರೆ ಅಂದೆ. ಇದಲ್ಲ, ಇದಲ್ಲ ಅಂತ ಕಂಬಿ ಹಿಡ್ಕೊಂಡ್ಬಿಟ್ರು. ಹಿಂದೆ ಬಸ್ಸುಗಳು ಹಾರ್ನ್ ಮಾಡ್ತಿದ್ವು. ಕೈ ಹಿಡಿದು ಇಳಿಸಿ ಟೀ ಅಂಗಡಿ ಬೆಂಚಲ್ಲಿ ಕೂರಿಸಿ, ಅಕ್ಕ ಬರೋವರೆಗೂ ನೋಡ್ಕೊಳ್ಳಪ್ಪ ಅಂತ ಹೇಳಿ ಬಂದೆ."

ಟೀ ಅಂಗಡಿಯವನು ನೋಡಿಕೊಂಡ, ಟೀ ಕೊಟ್ಟ, ಹಾಲು ಉಕ್ಕಿತೆಂದು ತಿರುಗಿದ. ಅಮುದನ್ ಹಿಂದಿನಿಂದ ಬಂದ ಇನ್ನಾವುದೋ ಬಸ್ಸು ಹತ್ತಿ ಹೊರಟುಹೋಗಿದ್ದ. ತಪ್ಪು ಜಾಗದಲ್ಲಿ ಇಳಿಸಿದರೆಂದು, ಮನೆ ಹುಡುಕಿಕೊಂಡು. ನಾನು ತಗಡಿನ ಈ ಕಡೆ ನಿಂತಿದ್ದೆ. ಹೆಸರು ಕೂಗಿದರೆ ಇಳಿಯುವುದು ನಾವು. ಅವನು ಹುಟ್ಟಿದಾಗಿನಿಂದ ಒಂದು ದಿನವೂ ಹೆಸರು ಕೇಳಿ ಇಳಿದವನಲ್ಲ.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಜೈನುಲ್ಲಾಬುದ್ದೀನ್ ಭಾಯ್ ಮೋಟಾರು ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಡಿಪೋದಿಂದ ಡಿಪೋಗೆ ಅಲೆದರು. ಇಳವರಸಿ ರಜೆ ಹಾಕಿ ಅವನ ಫೋಟೋ ಅಂಟಿಸುತ್ತಾ ತಿರುಗಿದಳು. ಅವನು ಎಲ್ಲೋ ನಿಂತು ಆಕಾಶದ ಕಡೆ ಕತ್ತೆತ್ತಿ ಅರಿಶಿನ ಬಣ್ಣ ಹುಡುಕುತ್ತಿರುತ್ತಾನೆ ಎಂದು ನೆನೆದೊಡನೆ ಮತ್ತೆ ಬೀದಿಗೆ ಇಳಿಯುತ್ತಿದ್ದೆ.

ಫೋಟೋ ನೋಡಿದವರು ಒಬ್ಬೊಬ್ಬರಾಗಿ ಫೋನು ಮಾಡಿದರು. ಆಗ ಗೊತ್ತಾದದ್ದು ಇದು. ಸೈದಾಪೇಟೆಯ ಒಬ್ಬ ಆಟೋದವನು ಕಾಸು ತೆಗೆದುಕೊಳ್ಳದೆ ಅವನನ್ನು ತೀಪ್ಪೆಟ್ಟಿ ಸ್ಟಾಪಿಗೆ ತಂದುಬಿಟ್ಟಿದ್ದ. ಗಿಂಡಿಯ ಒಬ್ಬ ಮಹಿಳಾ ಪೊಲೀಸು ಜೀಪಿನಲ್ಲಿ ತಂದಿದ್ದಳು. ಅವನು ಹೆಸರನ್ನು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದ, ಯಾರಿಗೂ ಅನುಮಾನ ಬರುತ್ತಿರಲಿಲ್ಲ.

"ಸರಿಯಾದ ಜಾಗಕ್ಕೇ ತಂದೆ ಅಮ್ಮ" ಎಂದ ಆಟೋದವನು. "ಇಳಿದ್ರು, ಸುತ್ತ ನೋಡಿದ್ರು. ಇದಲ್ಲಣ್ಣ, ಥ್ಯಾಂಕ್ಸ್ ಅಂದ್ರು. ಬೇರೆ ಯಾವ್ದೋ ತೀಪ್ಪೆಟ್ಟಿ ಇರಬೇಕು ಅಂತ ನಾನೂ ಸುಮ್ಮನಾದೆ."

ಎಲ್ಲರೂ ಒಳ್ಳೆಯವರೇ. ಒಳ್ಳೆಯವರು ನನ್ನ ತಮ್ಮನನ್ನು ಮತ್ತೆ ಮತ್ತೆ ಮನೆ ಬಾಗಿಲಿಗೆ ತಂದು ಬಿಟ್ಟರು, ಅವನು ಮತ್ತೆ ಮತ್ತೆ ಅವರಿಗೆ ಕೃತಜ್ಞತೆ ಹೇಳಿ ಹೊರಟುಹೋದ. ಆ ಹೊತ್ತಿನಲ್ಲಿ ನಾನು ಯಾವುದೋ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ.

ಸಿಕ್ಕಿದ್ದು ಚೆಂಗಲ್ಪಟ್ಟಿನ ಆಚೆ, ದಿಕ್ಕಿಲ್ಲದವರನ್ನು ಇಟ್ಟುಕೊಳ್ಳುವ ಒಂದು ಆಶ್ರಮದಲ್ಲಿ. ತಲೆ ಬೋಳಿಸಿದ್ದರು. ಚಪ್ಪಲಿ ಇರಲಿಲ್ಲ, ಪಾದ ಬಾತಿತ್ತು. ಬೇರೆ ಯಾರದೋ ಅಂಗಿ ತೊಟ್ಟು ಮರದ ಕೆಳಗೆ ಕೂತಿದ್ದ. ನನ್ನನ್ನು ಕಂಡವನು ಓಡಿ ಬರಲಿಲ್ಲ. ನಿಧಾನವಾಗಿ ಎದ್ದು ಬಂದು, ನನ್ನ ಕೆನ್ನೆ ಮುಟ್ಟಿ ನೋಡಿದ. ಅವನ ಮುಖದ ತುಂಬ ಕನಿಕರ.

"ಅಕ್ಕಾ, ನೀನೂ ದಾರಿ ತಪ್ಪಿಸ್ಕೊಂಡ್ಯಾ?"

ಹೂಂ ಎಂದು ತಲೆಯಾಡಿಸಿದೆ.

ಇಳವರಸಿ ತಂದಿದ್ದ ಕಾರಿಗೆ ಹತ್ತಲು ಅವನು ಒಪ್ಪಲಿಲ್ಲ, ಕಾರಿನವರು ಬೇರೆ ಕಡೆ ಬಿಡುತ್ತಾರೆ ಎಂದ. ಊರಿನವರೆಗೆ ಬಸ್ಸು, ಅಲ್ಲಿಂದ ಪಾರಿಸ್ ಕಾರ್ನರು, ಅಲ್ಲಿಂದ ನಮ್ಮ ಬಸ್ಸು. ಮೌಂಟ್ ರೋಡಿನ ತಿರುವು ಬಂದಾಗ ನಾನು ಅವನ ಕೈ ಬಿಗಿಯಾಗಿ ಹಿಡಿದಿದ್ದೆ. ಅಂಗಡಿಗಳ ತಲೆಯ ಮೇಲೆ ಬರೀ ಆಕಾಶ, ಒಂದು ಕ್ರೇನು. ಕಂಡಕ್ಟರು ತೀಪ್ಪೆಟ್ಟಿ ಎಂದು ಕೂಗಿದ. ಅಮುದನ್ ಕೂತೇ ಇದ್ದ.

"ಇಳಿಯೋಣ್ವಾ ಅಮುದು?"

"ಇದಲ್ಲ ಅಕ್ಕ. ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದ. ಆಮೇಲೆ ನನ್ನ ಕಣ್ಣಲ್ಲಿ ನೀರು ಕಂಡು ಬೆನ್ನು ಸವರಿದ. "ಹೆದರ್ಬೇಡ. ನಾನಿದ್ದೀನಲ್ಲ. ಮುಂದೆ ಸಿಗುತ್ತೆ."

ಬಸ್ಸು ಕೊನೆಯ ನಿಲ್ದಾಣದವರೆಗೂ ಹೋಯಿತು. ಎಲ್ಲರೂ ಇಳಿದರು. ಅವನು ಕಿಟಕಿಗೆ ಹಣೆ ಒತ್ತಿ ಹುಡುಕುತ್ತಲೇ ಇದ್ದ. ನನಗೆ ಬೇರೆ ದಾರಿ ತೋಚಲಿಲ್ಲ.

"ಕತ್ತಲಾಯ್ತು ಕಣೋ. ಇವತ್ತೊಂದಿನ ನೆಂಟರ ಮನೇಲಿ ಇರೋಣ. ನಾಳೆ ಹುಡುಕೋಣ."

ಅದಕ್ಕೆ ಒಪ್ಪಿದ. ಗಲ್ಲಿಯ ಬಾಡಿಗೆ ಮನೆಗೆ ನೆಂಟನ ಹಾಗೆ ಕಾಲು ತೊಳೆದುಕೊಂಡು ಒಳಗೆ ಬಂದ. ಎಷ್ಟೋ ತಿಂಗಳು ಅವನೇ ಇದ್ದ ಮನೆ ಅದು. ಆದರೆ ಆಗೆಲ್ಲ ಅವನು ತೀಪ್ಪೆಟ್ಟಿಯ ಪಕ್ಕ ಇಳಿದು ಬರುತ್ತಿದ್ದ. ಬೈಂಡಿಂಗ್ ಕೆಲಸ ಅಲ್ಲಿಗೆ ಮುಗಿಯಿತು. ಒಬ್ಬನೇ ಹೊರಗೆ ಕಳಿಸುವ ಧೈರ್ಯ ನನಗೆ ಉಳಿಯಲಿಲ್ಲ, ಕೇಳುವ ಹಟ ಅವನಲ್ಲೂ ಉಳಿಯಲಿಲ್ಲ. ಮನೆ ಇದ್ದರಲ್ಲವೇ ಮನೆ ಬಿಟ್ಟು ಹೊರಡುವುದು.

ವರ್ಷಗಳು ಹಿಡಿದವು. ಈಗ ಹದಿನೆಂಟು ಮಹಡಿ ಎದ್ದಿದೆ, ಮೈಯೆಲ್ಲ ಗಾಜು. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ನಿಲ್ದಾಣದ ಮೆಟ್ಟಿಲು ತಾನೇ ಓಡುತ್ತದೆ, ರೈಲು ತಣ್ಣಗಿದೆ. ಭಾಯ್ ಹೊಸ ಅಂಗಳದಲ್ಲಿ ಸಂಜೆ ನಡೆಯುತ್ತಾರೆ. ಬಸ್ಸುಗಳು ಇವತ್ತಿಗೂ ತೀಪ್ಪೆಟ್ಟಿ ಎಂದೇ ಕೂಗುತ್ತವೆ, ಇಳವರಸಿ ಮಾತು ಉಳಿಸಿಕೊಂಡಳು. ಗೃಹಪ್ರವೇಶಕ್ಕೆ ಹಣ್ಣು ತಂದಿದ್ದವಳು ಅಡುಗೆಮನೆಗೆ ಬಂದು ನನ್ನ ಎದುರು ನಿಂತಳು.

"ಅಕ್ಕ, ಒಂದ್ಸಲ ಬೈದ್ಬಿಡಿ ನನ್ನ."

"ಯಾರನ್ನಂತ ಬೈಲಿ ತಾಯಿ" ಎಂದೆ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಇಬ್ಬರೂ ಒಲೆಯ ಪಕ್ಕ ನಿಂತು ಅತ್ತೆವು.

ನಮಗೆ ಬಂದದ್ದು ಹನ್ನೊಂದನೇ ಮಹಡಿ. ಕಿಟಕಿಯಿಂದ ಸಮುದ್ರದ ಒಂದು ಪಟ್ಟಿ ಕಾಣುತ್ತದೆ. ಮನೆ ಅಮುದನ್ ಹೆಸರಿನಲ್ಲಿದೆ. ತಾನು ಸತ್ತ ಮೇಲೂ ಅವನನ್ನು ಯಾರೂ ಮನೆಯಿಂದ ಎಬ್ಬಿಸಬಾರದೆಂದು ಅಮ್ಮ ಹಳೆಯ ಮನೆಯನ್ನು ಅವನ ಹೆಸರಿಗೆ ಮಾಡಿಸಿದ್ದಳು, ಅದಕ್ಕೆ ಬದಲಾಗಿ ಇದು ಬಂತು. ಈ ಮನೆಗೆ ಅವನೇ ಯಜಮಾನ.

ಯಜಮಾನ ನೀರು ಕುಡಿಯುವ ಮೊದಲು ನನ್ನನ್ನು ಕೇಳುತ್ತಾನೆ. ಫ್ಯಾನು ಹಾಕಿಕೊಳ್ಳಲಾ ಎಂದು ಕೇಳುತ್ತಾನೆ. ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಬೆಳಿಗ್ಗೆ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಅದರ ಪಕ್ಕದಲ್ಲೇ ತನ್ನ ಚೀಲ ಇಟ್ಟುಕೊಂಡು ಸೋಫಾದ ತುದಿಯಲ್ಲಿ ಕೂರುತ್ತಾನೆ. ಇದು ನಿನ್ನ ಮನೆ ಕಣೋ ಎಂದು ಎಷ್ಟು ಸಲ ಹೇಳಿದ್ದೇನೋ. ನಾನು ಅವನ ಮನಸ್ಸು ನೋಯದಿರಲೆಂದು ಹೇಳುತ್ತಿದ್ದೇನೆಂದು ಅವನಿಗೆ ಖಾತ್ರಿ. ನಗುತ್ತಾನೆ.

ನಿನ್ನೆ ಸಂಜೆ ಮೀನಿನ ಸಾರು ಮಾಡಿದ್ದೆ. ಮೂರು ತುತ್ತು ಚಪ್ಪರಿಸಿ ತಿಂದವನು, ಸದ್ದಾಯಿತೆಂದು ನೆನಪಾಗಿ ಬಾಯಿ ಮುಚ್ಚಿಕೊಂಡು ಅಗಿದ. ಇನ್ನೊಂದು ಹೋಳು ಬಡಿಸಲು ಹೋದೆ. ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕು ಅಕ್ಕ. ಅವರಿಗೆ ಬೇಕಾಗುತ್ತೆ."

"ಯಾರಿಗೋ?"

ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ. "ಈ ಮನೆಯವರು ಯಾವಾಗ ಬರ್ತಾರೆ?"

"ಬರ್ತಾರೆ."

"ತುಂಬಾ ದಿನ ಆಯ್ತು ನಾವು ಬಂದು. ಬೇಜಾರು ಮಾಡ್ಕೊಳ್ಳಲ್ವಾ?"

"ಇಲ್ಲ ಕಣೋ. ತುಂಬಾ ಒಳ್ಳೆಯವರು."

ಅವನಿಗೆ ಸಮಾಧಾನವಾಯಿತು. ತಟ್ಟೆ ತೊಳೆದು ಬೋರಲು ಹಾಕಿದ. ಬಟ್ಟೆ ತಂದು ಮಂಡಿಯೂರಿ, ತಾನು ಕೂತು ಉಂಡ ಜಾಗವನ್ನು ಒರೆಸಿದ.